ಕೆಳದನಿಯ ಸಾಲು

ಭಾನುವಾರ, ಬೆಳಿಗ್ಗೆ ಹತ್ತು ಗಂಟೆ

ಅತ್ತಿಗೆ,

ನಮಸ್ಕಾರ. ನೀವು ಕ್ಷೇಮವಾಗಿದ್ದೀರಾ ಎಂದು ಕೇಳುವುದಿಲ್ಲ. ಇಲ್ಲ ಎಂದು ಅಣ್ಣ ನಿನ್ನೆಯೇ ಬಂದು ಹೇಳಿಹೋದ. ಎಂಟು ದಿನದಿಂದ ಹೊಸಿಲು ದಾಟಿಲ್ಲವಂತೆ, ಫೋನು ಎತ್ತುತ್ತಿಲ್ಲವಂತೆ, ಹಾಡಿನ ಬಳಗದ ಕಾರ್ಯದರ್ಶಿ ಕೆಲಸಕ್ಕೆ ರಾಜೀನಾಮೆ ಬರೆದು ಮೇಜಿನ ಮೇಲೆ ಇಟ್ಟಿದ್ದೀರಂತೆ. ಕಾರ್ಯಕ್ರಮದಲ್ಲಿ ಆದದ್ದು ಯಾರದೋ ಕಿತಾಪತಿ, ನೀನೂ ವೇದಿಕೆಯಲ್ಲಿ ಅವಳ ಸಾಲಿನಲ್ಲೇ ನಿಂತಿದ್ದವಳು, ಸ್ವಲ್ಪ ವಿಚಾರಿಸು ಅಂತ ನನ್ನ ಮುಂದೆ ಕೂತು ಕೇಳಿಕೊಂಡ. ಪಾಪದವನು. ವಿಚಾರಿಸಿ ಅತ್ತಿಗೆಗೇ ಬರೆದು ತಿಳಿಸುತ್ತೇನೆ ಎಂದು ಹೇಳಿ, ಕಾಫಿ ಕೊಟ್ಟು ಕಳಿಸಿದೆ.

ವಿಚಾರಿಸಿದ್ದಾಯಿತು. ಮಾಡಿದವಳು ನಾನೇ.

ಎರಡು ಬೀದಿ ಆಚೆ ಇರುವವರಿಗೆ ಪತ್ರ ಯಾಕೆ ಅಂತ ನಿಮಗೆ ಅನ್ನಿಸಬಹುದು. ಎದುರಿಗೆ ಕೂತರೆ ನೀವು ನನ್ನ ಕೈ ಹಿಡಿದುಕೊಳ್ಳುತ್ತೀರಿ. ನೀವು ಕೈ ಹಿಡಿದುಕೊಂಡು ಏನು ಹೇಳಿದರೂ ನಾನು ನಂಬಿಬಿಡುತ್ತೇನೆ. ಆರು ವರ್ಷದ ಹಿಂದೆ ನಂಬಿದ್ದೂ ಹಾಗೆಯೇ.

ಮೊದಲಿನಿಂದ ಹೇಳುತ್ತೇನೆ, ಯಾಕೆಂದರೆ ನಿಮಗೆ ಬೇಡವಾದದ್ದನ್ನು ಮರೆಯುವ ಅಭ್ಯಾಸವಿದೆ. ಗ್ರಂಥಾಲಯದ ಮಹಡಿಯಲ್ಲಿ ಹನ್ನೊಂದು ಜನ ಸೇರಿ ಬಳಗ ಕಟ್ಟಿದಾಗ ಅವರಲ್ಲಿ ನಾನೂ ಒಬ್ಬಳು. ನೀವು ಅಣ್ಣನನ್ನು ಮದುವೆಯಾಗಿ ಬಂದದ್ದು ಅದರ ಮೂರನೇ ವರ್ಷ. ಹೊಸ ಊರಿನಲ್ಲಿ ಬೇಜಾರು ಅಂತ ಅಳುತ್ತಿದ್ದಿರಿ, ನಾನೇ ಕರೆದುಕೊಂಡು ಹೋಗಿ, ತಗ್ಗಿನ ಶ್ರುತಿಯಲ್ಲಿ ಹಾಡುವ ಕೆಳದನಿಯ ಸಾಲಿನಲ್ಲಿ ನನ್ನ ಪಕ್ಕ ನಿಲ್ಲಿಸಿಕೊಂಡೆ. ವರ್ಷಕ್ಕೆ ಎರಡೇ ಕಾರ್ಯಕ್ರಮ, ಬೇಸಿಗೆಗೊಂದು, ಚಳಿಗಾಲಕ್ಕೊಂದು, ಪ್ರತಿ ಸಲ ಒಂದೊಂದು ವಿಷಯ. ‘ನದಿ’, ‘ಲಾಲಿ’, ‘ಹಕ್ಕಿ’. ‘ಕೆಲಸ’ ಅಂತ ವಿಷಯ ಇಟ್ಟ ವರ್ಷ ನಮಗೆ ಹಾಡು ಕಲಿಸುವ ಮೇಷ್ಟ್ರು ಎಲ್ಲರಿಗೂ ಅವರವರ ಕೆಲಸದ ಬಟ್ಟೆಯಲ್ಲೇ ಬರಲು ಹೇಳಿದ್ದರು. ದಾದಿಯಮ್ಮ ಬಿಳಿ ಬಟ್ಟೆಯಲ್ಲಿ ಬಂದರು, ಅಂಚೆಯಮ್ಮ ಚೀಲ ನೇತುಹಾಕಿಕೊಂಡು ಬಂದಳು, ನಾನು ಬಸ್‌ ನಿಲ್ದಾಣದ ನೀಲಿ ಸಮವಸ್ತ್ರದಲ್ಲಿ ನಿಂತೆ. ನೀವು ಮದುವೆಮನೆಗೆ ಹೊರಟವರ ಹಾಗೆ ಅಲಂಕಾರ ಮಾಡಿಕೊಂಡು ಬಂದು, ನನ್ನ ಕೆಲಸ ಇದೇ ಅಂದಿರಿ. ಬಿದ್ದು ಬಿದ್ದು ನಕ್ಕೆವು. ಆಗೆಲ್ಲ ನಿಮ್ಮನ್ನು ಕಂಡರೆ ನನಗೆ ಎಷ್ಟು ಪ್ರೀತಿ ಇತ್ತು ಅಂತ ನೆನೆಸಿಕೊಂಡರೆ ಈಗ ಮೈ ಉರಿಯುತ್ತದೆ.

ಆಮೇಲೆ ಬಂತು ‘ದಾರಿ’. ಆ ಬೇಸಿಗೆಯ ಕಾರ್ಯಕ್ರಮದಲ್ಲಿ ಒಂದು ಹಾಡಿನ ಎರಡು ಸಾಲನ್ನು ಒಬ್ಬಳೇ ಹಾಡು ಅಂತ ಮೇಷ್ಟ್ರು ನನಗೆ ಕೊಟ್ಟರು. ಎರಡೇ ಸಾಲು ಅತ್ತಿಗೆ, ಉಗುರು ಕತ್ತರಿಸಿಕೊಳ್ಳುವಷ್ಟು ಹೊತ್ತೂ ಹಿಡಿಯುವುದಿಲ್ಲ. ಮನೆಗೆ ನಡೆದು ಬರುವಾಗ ಅಣ್ಣ, ಇವತ್ತು ನನಗೆ ನನ್ನ ತಂಗಿಯ ದನಿ ಬಿಟ್ಟು ಬೇರೆ ಏನೂ ಕೇಳಿಸಲಿಲ್ಲ ಅಂದ. ನೀವು ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತಾ ಹಿಂದೆ ಉಳಿದುಕೊಂಡಿರಿ. ಅದು ಕಿತ್ತುಹೋಗಿರಲಿಲ್ಲ.

ನಾಲ್ಕನೇ ದಿನಕ್ಕೆ ನನ್ನ ಕೆಲಸದ ಜಾಗಕ್ಕೇ ಬಂದಿರಿ. ಬಸ್ಸುಗಳ ಹೊತ್ತು, ನಿಲ್ಲುವ ಅಂಕಣ ಎಲ್ಲವನ್ನೂ ಮೈಕಿನಲ್ಲಿ ಕೂಗುವ ಗಾಜಿನ ಗೂಡಿನೊಳಗೆ ನನ್ನ ಪಕ್ಕ ಕೂತು, ಕೈ ಹಿಡಿದುಕೊಂಡು ಹೇಳಿದಿರಿ: ಮೇಷ್ಟ್ರಿಗೆ ನಿನಗೆ ಹೇಳೋಕೆ ಸಂಕೋಚವಂತೆ, ಈಚೆಗೆ ನಿನ್ನ ದನಿ ಒಡೀತಿದೆಯಂತೆ, ಬಳಗ ಬಿಡೋದು ಬೇಡ, ಸಾಲಿನಲ್ಲಿ ನಿಂತು ದನಿ ತೆಗೆಯದೆ ಬಾಯಾಡಿಸಿದ್ರೆ ಸಾಕಂತೆ, ಯಾರಿಗೂ ಗೊತ್ತಾಗಲ್ಲ. ಅವರ ಹತ್ತಿರ ಈ ಮಾತು ಎತ್ತಬೇಡ, ಅವರು ನೊಂದುಕೊಳ್ತಾರೆ ಅಂತಲೂ ಸೇರಿಸಿದಿರಿ. ನಿಮ್ಮ ಕಣ್ಣಲ್ಲಿ ನೀರಿತ್ತು. ಆ ನೀರನ್ನು ಎಲ್ಲಿಂದ ತಂದಿರಿ ಅಂತ ಇವತ್ತಿಗೂ ನನಗೆ ಅರ್ಥವಾಗಿಲ್ಲ.

ಅವತ್ತಿನಿಂದ ಬಾಯಾಡಿಸಿದೆ. ಹನ್ನೆರಡು ಕಾರ್ಯಕ್ರಮ. ಬಳಗ ಬಿಟ್ಟುಬಿಡಬಹುದಿತ್ತಲ್ಲ ಎನ್ನಬೇಡಿ. ಒಂಟಿ ಹೆಂಗಸಿಗೆ ಗುರುವಾರದ ಅಭ್ಯಾಸ ಬಿಟ್ಟರೆ ವಾರದಲ್ಲಿ ಏನಿತ್ತು? ಎಂಟು ಜನರ ಹಾಡಿನ ನಡುವೆ ಮೀನಿನ ಹಾಗೆ ಬಾಯಿ ತೆರೆದು ಮುಚ್ಚುತ್ತಾ ನಿಲ್ಲುವುದೂ ಒಂದು ಸುಖ ಅಂತ ನನಗೆ ನಾನೇ ಹೇಳಿಕೊಂಡೆ. ಮನೆಯಲ್ಲಿ ಪಾತ್ರೆ ತೊಳೆಯುವಾಗ ಗುನುಗುವುದನ್ನೂ ನಿಲ್ಲಿಸಿದೆ. ಅಷ್ಟಕ್ಕೇ ಮುಗಿಯಲಿಲ್ಲ. ಮೈಕಿನಲ್ಲಿ ಕೂಗಿದಾಗಲೆಲ್ಲ ಹೊರಗಿನ ಸ್ಪೀಕರಿನಿಂದ ನನ್ನ ದನಿ ವಾಪಸು ಬಂದು ಕಿವಿಗೆ ಬೀಳುತ್ತಿತ್ತು, ಪ್ರತಿ ಮಾತಿನಲ್ಲೂ ಬಿರುಕು ಕೇಳಿಸುತ್ತಿತ್ತು. ಎರಡು ತಿಂಗಳು ತಡೆದುಕೊಂಡು, ಆಮೇಲೆ ಅರ್ಜಿ ಬರೆದು ಲಗೇಜ್‌ ರೂಮಿಗೆ ಹೋದೆ. ಹದಿನೇಳು ವರ್ಷ ಕೂತ ಗೂಡಿನಲ್ಲಿ ಈಗ ಯಂತ್ರ ಕೂಗುತ್ತದೆ. ಮತ್ತೆ ಬೇಕು ಅಂದರೂ ಆ ಕೆಲಸ ಇಲ್ಲ.

ಸತ್ಯ ಗೊತ್ತಾದದ್ದು ಕಳೆದ ತಿಂಗಳು. ಬಸ್ಸಿನಲ್ಲಿ ಬಿಟ್ಟುಹೋದ ಕೈಚೀಲ ಹುಡುಕಿಕೊಂಡು ಮೇಷ್ಟ್ರು ಲಗೇಜ್‌ ರೂಮಿಗೆ ಬಂದಿದ್ದರು. ಚೀಲ ಕೊಟ್ಟು ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡೆ. ಹೊರಟವರು ಬಾಗಿಲಲ್ಲಿ ನಿಂತು, ಕೇಳಬಾರದು, ಆದರೂ ಕೇಳ್ತೀನಮ್ಮ, ಗಂಟಲು ಈಗ ಹೇಗಿದೆ, ಡಾಕ್ಟರು ಇನ್ನೂ ಹಾಡಬೇಡ ಅಂತಲೇ ಹೇಳ್ತಿದ್ದಾರಾ ಅಂದರು. ಯಾವ ಡಾಕ್ಟರು ಅಂದೆ. ನಿಮ್ಮತ್ತಿಗೆ ಹೇಳಿದ್ರಲ್ಲ, ಆ ವಿಷಯ ಎತ್ತಿದ್ರೆ ನೀವು ಅಳ್ತೀರಿ ಅಂತಲೂ ಹೇಳಿದ್ರು, ಅದಕ್ಕೇ ಸುಮ್ಮನಿದ್ದೆ, ಹಾಡದೇ ಇದ್ರೂ ಪ್ರತಿ ಸಲ ಬಂದು ನಿಲ್ತೀರಲ್ಲ ಅಂದರು.

ಎರಡೂ ಕಡೆ ಎಷ್ಟು ಚೆನ್ನಾಗಿ ಹೊಲಿದಿದ್ದಿರಿ! ಅವರು ನನ್ನನ್ನು ಕೇಳಬಾರದು, ನಾನು ಅವರನ್ನು ಕೇಳಬಾರದು. ಪರವಾಗಿಲ್ಲ ಮೇಷ್ಟ್ರೇ, ಈಗ ಸುಧಾರಿಸಿದೆ ಎಂದಷ್ಟೇ ಅವರಿಗೆ ಹೇಳಿದೆ. ಅವರು ಹೋದ ಮೇಲೆ ಯಾರದೋ ಟ್ರಂಕಿನ ಮೇಲೆ ಕೂತು, ನಿಮಗೆ ಏನು ಮಾಡಬೇಕು ಅಂತ ಸಂಜೆಯವರೆಗೂ ಯೋಚಿಸಿದೆ.

ಅಣ್ಣನಿಗೆ ಹೇಳಿದರೆ ನೀವು ಅಳುತ್ತೀರಿ, ಅವನು ಕರಗುತ್ತಾನೆ. ಅದು ಬೇಡ ಅನ್ನಿಸಿತು. ಅಷ್ಟರಲ್ಲಿ ಇಪ್ಪತ್ತೈದನೇ ವರ್ಷದ ಚಳಿಗಾಲದ ಕಾರ್ಯಕ್ರಮ ಹತ್ತಿರ ಬಂದಿತ್ತು. ವಿಷಯ ‘ಬೆಚ್ಚಗೆ’. ಕೊನೆಯ ಹಾಡಿನ ಕೊನೆಯ ಚರಣವನ್ನು ಮೇಷ್ಟ್ರು ಕೆಳದನಿಯ ಸಾಲಿಗೇ ಬಿಟ್ಟಿದ್ದರು. ಉಳಿದವರೆಲ್ಲ ಸುಮ್ಮನಿರಬೇಕು, ಕೀಬೋರ್ಡು ಕೂಡ. ಇಪ್ಪತ್ತೈದು ವರ್ಷದಲ್ಲಿ ನಮ್ಮ ಸಾಲನ್ನು ಯಾರೂ ಬೇರೆಯಾಗಿ ಕೇಳಿಲ್ಲ, ಈ ಸಲ ಕೇಳಲಿ ಅಂದರು. ನೀವು ಖುಷಿಯಿಂದ ಚಪ್ಪಾಳೆ ತಟ್ಟಿದಿರಿ.

ನಿಮ್ಮ ಬಗ್ಗೆ ಇಡೀ ಬಳಗದಲ್ಲಿ ನನಗೊಬ್ಬಳಿಗೇ ಗೊತ್ತಿರುವ ಒಂದು ಸಂಗತಿ ಇದೆ. ನೀವು ಯಾವ ಹಾಡನ್ನೂ ಪೂರ್ತಿ ಕಲಿತವರಲ್ಲ. ಪಕ್ಕದವಳು ಎತ್ತಿಕೊಂಡ ಮೇಲೆ ಕೂದಲೆಳೆಯಷ್ಟು ತಡವಾಗಿ ಅವಳ ದನಿಗೆ ಜೋತುಬೀಳುತ್ತೀರಿ. ಮೊದಲು ನನಗೆ ಜೋತುಬಿದ್ದಿರಿ. ನನ್ನ ಬಾಯಿ ಕಟ್ಟಿಸಿದ ಮೇಲೆ ಆ ಕಡೆಯ ದಾದಿಯಮ್ಮನಿಗೆ. ಇದು ಮೇಷ್ಟ್ರಿಗೂ ಗೊತ್ತಿಲ್ಲ, ಪಕ್ಕ ನಿಂತವಳಿಗೆ ಮಾತ್ರ ಗೊತ್ತಾಗುವಂಥದ್ದು.

ಗುರುವಾರ ಕೊನೆಯ ಅಭ್ಯಾಸ ಮುಗಿಯಿತು. ಶುಕ್ರವಾರ ನಾನು ರಜೆ ಹಾಕಿ ನಮ್ಮ ಸಾಲಿನ ಏಳೂ ಜನರ ಹತ್ತಿರ ಒಬ್ಬೊಬ್ಬರಾಗಿ ಹೋದೆ. ದಾದಿಯಮ್ಮನ ಮನೆಗೆ, ಅಂಚೆಯಮ್ಮನ ಕೌಂಟರಿಗೆ, ಪುಸ್ತಕದಂಗಡಿಯಾಕೆಯ ಹಿಂದಿನ ಗೋದಾಮಿಗೆ, ಹೀಗೇ. ಎಲ್ಲರ ಕೈಯನ್ನೂ ಹಿಡಿದುಕೊಂಡೆ. ನಿಮ್ಮ ಮಾತನ್ನೇ ಹೇಳಿದೆ, ಕೊನೇ ಚರಣಕ್ಕೆ ಹೊಂದಿಸಿಕೊಂಡು: ಮೇಷ್ಟ್ರಿಗೆ ಹೇಳೋಕೆ ಸಂಕೋಚ, ಈಚೆಗೆ ನಿಮ್ಮ ದನಿ ಒಡೀತಿದೆಯಂತೆ, ಕೊನೇ ಚರಣದಲ್ಲಿ ಮಾತ್ರ ಬಾಯಾಡಿಸಿ ಸಾಕು, ಉಳಿದ ಎಂಟು ಜನ ಹಾಡ್ತೇವೆ, ಯಾರಿಗೂ ಗೊತ್ತಾಗಲ್ಲ. ಒಬ್ಬರಾದರೂ ಮೇಷ್ಟ್ರನ್ನು ಕೇಳಿದ್ದರೆ ನನ್ನ ಆಟ ಅಲ್ಲಿಗೇ ಮುಗಿಯುತ್ತಿತ್ತು. ಒಬ್ಬರೂ ಕೇಳಲಿಲ್ಲ. ಪುಸ್ತಕದಂಗಡಿಯಾಕೆ ನನಗೆ ಥ್ಯಾಂಕ್ಸ್‌ ಹೇಳಿದಳು, ಮೆತ್ತಗೆ ತಿಳಿಸಿದ್ದಕ್ಕೆ. ಅಷ್ಟು ಸುಲಭವಾಗಿ ನಂಬಿದ ನನ್ನ ದಡ್ಡತನಕ್ಕೆ ಆರು ವರ್ಷ ನಾಚಿಕೆಪಟ್ಟಿದ್ದೆ. ಎಲ್ಲರೂ ಹಾಗೆಯೇ ನಂಬುತ್ತಾರೆ ಎಂದು ಅವತ್ತು ಗೊತ್ತಾಯಿತು.

ಶನಿವಾರದ ಸಂಜೆ ನಿಮಗೆ ನೆನಪಿದೆ. ಆದರೂ ಬರೆಯುತ್ತೇನೆ, ಬರೆಯುವುದರಲ್ಲಿ ನನಗೆ ಸುಖವಿದೆ. ಕೀಬೋರ್ಡು ನಿಂತಿತು, ಮೇಲ್ದನಿಯವರು ನಿಲ್ಲಿಸಿದರು, ಮೇಷ್ಟ್ರು ನಮ್ಮ ಕಡೆ ತಿರುಗಿ ಕೈ ಇಳಿಸಿದರು. ಒಂದು ಸದ್ದೂ ಇಲ್ಲ. ಎಂಟು ಬಾಯಿ ಚಂದವಾಗಿ ಆಡುತ್ತಿವೆ, ನೀವು ಜೋತುಬೀಳಲು ದನಿ ಹುಡುಕುತ್ತಾ ಆ ಕಡೆ ಈ ಕಡೆ ನೋಡುತ್ತಿದ್ದೀರಿ. ಮೇಷ್ಟ್ರು ಇನ್ನೊಮ್ಮೆ ಕೈ ಇಳಿಸಿದರು. ಮೂರನೇ ಸಲಕ್ಕೆ ನೀವು ಶುರುಮಾಡಿದಿರಿ. ಎರಡು ಪದ ಬಂತು. ಮೂರನೆಯದು ನಿಮಗೆ ಗೊತ್ತಿರಲಿಲ್ಲ. ಮತ್ತೆ ಅದೇ ಎರಡು ಪದ, ಈ ಸಲ ಮೇಲ್ದನಿಯವರ ಧಾಟಿಯಲ್ಲಿ, ಅದು ನಿಮಗೆ ಎಟುಕಲಿಲ್ಲ, ದನಿ ಕೀರಲಾಗಿ ಮಧ್ಯದಲ್ಲೇ ನಿಂತುಹೋಯಿತು. ಸಭೆಯ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಮೂರನೇ ಸಾಲಿನಲ್ಲಿ ಕೂತಿದ್ದ ಅಣ್ಣ ತಲೆ ತಗ್ಗಿಸಿದ.

ನೀವು ನಿಲ್ಲಿಸಿದ ಆ ಗಳಿಗೆಯಲ್ಲಿ ನಾನು ಎತ್ತಿಕೊಳ್ಳಬಹುದಿತ್ತು. ಆ ನಾಲ್ಕು ಸಾಲು ನನಗೆ ನೀರು ಕುಡಿದಷ್ಟು ಸಲೀಸು. ಎತ್ತಿಕೊಳ್ಳಲಿಲ್ಲ, ಬೇಕೆಂದೇ. ನೀವು ನನ್ನ ಕಡೆ ತಿರುಗಿದಿರಿ, ನಾನೂ ನಿಮ್ಮ ಕಡೆ ತಿರುಗಿ ಬಾಯಾಡಿಸಿದೆ, ನೀವು ಕಲಿಸಿಕೊಟ್ಟ ಹಾಗೆಯೇ. ಆಗ ನಿಮಗೆ ಎಲ್ಲವೂ ಅರ್ಥವಾಯಿತು ಅಂತ ನಿಮ್ಮ ಮುಖ ಹೇಳಿತು. ಕೀಬೋರ್ಡಿನಜ್ಜ ಗಾಬರಿಯಿಂದ ಪಲ್ಲವಿ ನುಡಿಸಿ, ಮೇಲ್ದನಿಯವರು ಹೇಗೋ ಮುಗಿಸಿದರು.

ಒಂದು ಮಾತ್ರ ನನಗೆ ಚುಚ್ಚುತ್ತಿದೆ, ಅದು ನಿಮ್ಮ ವಿಷಯವಲ್ಲ. ಆ ಏಳು ಜನ. ಈ ವಾರ ಏಳೂ ಕಡೆ ಹೋಗಿ, ನಾನು ಹೇಳಿದ್ದು ಸುಳ್ಳು, ನಿಮ್ಮ ದನಿಗೆ ಏನೂ ಆಗಿಲ್ಲ ಎಂದು ಕ್ಷಮೆ ಕೇಳಿದೆ, ಅಣ್ಣನಿಗೆ ಮಾತ್ರ ಹೇಳಬೇಡಿ ಅಂತಲೂ ಬೇಡಿಕೊಂಡೆ. ಅಂಚೆಯಮ್ಮ ಬೈದಳು, ಬೈದು ಅತ್ತಳು. ದಾದಿಯಮ್ಮ ಎಲ್ಲ ಕೇಳಿಸಿಕೊಂಡು, ನಿನಗೆ ಆದದ್ದನ್ನ ನಮಗೂ ಮಾಡಿದೆಯಲ್ಲೇ ಅಂತ ಒಂದೇ ಮಾತು ಹೇಳಿ ಬಾಗಿಲು ಹಾಕಿಕೊಂಡರು. ಪುಸ್ತಕದಂಗಡಿಯಾಕೆ ಬಳಗಕ್ಕೆ ಇನ್ನು ಬರುವುದಿಲ್ಲವಂತೆ. ನಾನು ಹೇಳಿದ್ದರಲ್ಲಿ ಯಾವುದು ಸುಳ್ಳು ಅಂತ ಅವಳಿಗೆ ಈಗ ಗೊತ್ತಾಗುತ್ತಿಲ್ಲವಂತೆ. ಈ ಪಾಪ ನನ್ನದು, ನಿಮ್ಮ ತಲೆಗೆ ಕಟ್ಟುವುದಿಲ್ಲ.

ಆದರೆ ನಿಮ್ಮ ವಿಷಯದಲ್ಲಿ ನನಗೆ ಸಾಸಿವೆಯಷ್ಟೂ ಪಶ್ಚಾತ್ತಾಪವಿಲ್ಲ. ಬೇಕಾದರೆ ಈ ಪತ್ರವನ್ನು ಅಣ್ಣನಿಗೆ ತೋರಿಸಿ. ಮಾಡಿದವಳು ನಾನು ಅಂತ ಶುರುವಿನಲ್ಲೇ ಒಪ್ಪಿಕೊಂಡಿದ್ದೇನೆ. ಅವನು ಅಲ್ಲಿಗೇ ನಿಲ್ಲಿಸುವವನಲ್ಲ, ಪೂರ್ತಿ ಓದುತ್ತಾನೆ. ಅದಕ್ಕೇ ನೀವು ತೋರಿಸುವುದಿಲ್ಲ. ಯಾರು ಮಾಡಿದ್ದು ಅಂತ ಅವನು ದಿನಾ ಕೇಳುತ್ತಾನೆ, ನೀವು ದಿನಾ ಗೊತ್ತಿಲ್ಲ ಅನ್ನುತ್ತೀರಿ. ಆರು ವರ್ಷ ಬಾಯಿ ಮುಚ್ಚಿಕೊಂಡು ಬದುಕುವುದು ಹೇಗಿರುತ್ತದೆ ಅಂತ ಇನ್ನು ನೀವು ನೋಡಿ.

ಇಂದಿಗೂ ನಿಮ್ಮ ಗಂಡನ ತಂಗಿಯೇ ಆಗಿರುವ,

ನಾದಿನಿ

ಮರೆತ ಮಾತು: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ಮೇಲೆ ‘ಬೇಕೆಂದೇ’ ಅಂತ ಬರೆದದ್ದು ಸುಳ್ಳು. ಏಳು ಜನರ ಬಾಯಿ ಕಟ್ಟಿದ್ದು ನಿಮ್ಮನ್ನು ಬೀಳಿಸಲಿಕ್ಕೆ ಮಾತ್ರವಲ್ಲ. ನೀವು ತಡವರಿಸಿ ನಿಂತ ಕೂಡಲೇ ನಾನು ಎತ್ತಿಕೊಂಡು, ಆ ನಾಲ್ಕು ಸಾಲನ್ನು ಒಬ್ಬಳೇ ಹಾಡಿ ಮುಗಿಸಬೇಕು, ಅಣ್ಣ ಕೇಳಬೇಕು ಅಂತ ಲೆಕ್ಕ ಹಾಕಿಕೊಂಡಿದ್ದೆ. ನೀವು ನಿಂತಿರಿ. ನಾನು ಹೊಟ್ಟೆಯ ತಳದಿಂದ ಉಸಿರು ತೆಗೆದುಕೊಂಡು ಎತ್ತಿಕೊಂಡೆ. ಬರೀ ಗಾಳಿ ಬಂತು. ಎರಡನೇ ಸಾಲಿಗೂ ಗಾಳಿ. ಈ ಎಂಟು ದಿನ ಬಾಗಿಲು ಹಾಕಿಕೊಂಡು ಎಷ್ಟು ಪ್ರಯತ್ನಿಸಿದರೂ ಅಷ್ಟೇ. ಮಾತು ಬರುತ್ತದೆ, ಹಾಡು ಬರುವುದಿಲ್ಲ. ನೀವು ನನ್ನ ಕಡೆ ತಿರುಗಿದಾಗ ನಾನು ನಿಮ್ಮನ್ನು ಅಣಕಿಸುತ್ತಿದ್ದೇನೆ ಅಂದುಕೊಂಡಿರಿ. ಅವತ್ತು ನಾನು ಬಾಯಾಡಿಸುತ್ತಿರಲಿಲ್ಲ ಅತ್ತಿಗೆ. ಹಾಡುತ್ತಿದ್ದೆ.