ಬುಡದ ಮುಂದೆ ನಿಂತುಹೋದ ಮಾತು

ಕಾಡಿನ ಟಿಕೆಟ್ ಕೋಣೆ,
ಭಾನುವಾರ, ಅಕ್ಟೋಬರ್ ೧೨

ಪರದೆಯ ಹಿಂದಿನ ಮಹಾರಾಣಿ, ನನ್ನ ಪ್ರೀತಿಯ ಅಕ್ಕನಿಗೆ ತಮ್ಮನ ದೊಡ್ಡ ನಮಸ್ಕಾರ!

ಡಾಕ್ಟರು ಏನಂದರು, ನಾಟಕ ಆಡದೆ ಒಂದೇ ಸಾಲಿನಲ್ಲಿ ಬರಿ ಎಂದಿದ್ದೀಯ. ತಗೋ: ಗಂಟಲಿನ ಗಂಟು ಕೆಟ್ಟದ್ದು, ಧ್ವನಿಪೆಟ್ಟಿಗೆ ಸಮೇತ ತೆಗೆಯಬೇಕು, ತೆಗೆದರೆ ಮಾತು ಹೋಗುತ್ತದೆ, ತೆಗೆಯದಿದ್ದರೆ ನಾನೇ ಹೋಗುತ್ತೇನೆ. ಮುಗಿಯಿತು ಅಂಕ! ಆಗುವುದಿಲ್ಲ ಎಂದು ಎದ್ದು ಬಂದೆ. ಅಪ್ಪನ ನಾಟಕ ಮಂಡಳಿಯಲ್ಲಿ ಕಡೇ ಸಾಲಿನ ಕಿವುಡನಿಗೂ ಕೇಳುವಂತೆ ಗರ್ಜಿಸಿದ ಕಂಠವಿದು. ಮಾತು ಮರೆತಾಗಲೆಲ್ಲ ನೀನು ಪರದೆಯ ಮರೆಯಿಂದ ಪಿಸುಗುಟ್ಟಿ ಕಾಪಾಡಿದ ಕಂಠ. ಮಂಡಳಿ ಮುಚ್ಚಿದ ಮೇಲೆ ಈ ಕಾಡಿನಲ್ಲಿ ಗೈಡ್ ಕೆಲಸ ಕೊಡಿಸಿದ್ದೂ ಇದೇ. ಅದನ್ನು ಸ್ಟೀಲ್ ಟ್ರೇಯಲ್ಲಿಟ್ಟು ಒಪ್ಪಿಸಲೇ?

ಇರಲಿ, ಇವತ್ತಿನ ನಡಿಗೆಯ ಕಥೆ ಕೇಳು.

ಬೇಲಿ ದಾಟುತ್ತಲೇ ಎಂದಿನಂತೆ ಆರಂಭಿಸಿದೆ. ಮಹಾಜನಗಳೇ, ಮನುಷ್ಯನ ಕೈ ಸೋಕದ ಕಾಡೆಂದು ಬಂದಿದ್ದರೆ ಈಗಲೇ ಹಿಂದಿರುಗಿ ಎಂದೆ! ನೇಗಿಲು ಹುಟ್ಟುವ ಮೊದಲೇ ಇಲ್ಲಿ ಜನರಿದ್ದರು, ಬೆಂಕಿಯಿಟ್ಟು ಬಯಲು ಮಾಡಿ ಎಳೆ ಹುಲ್ಲಿಗೆ ಜಿಂಕೆಗಳನ್ನು ಕರೆದರು, ತಿನ್ನುವ ಕಾಯಿಯ ಮರ ಉಳಿಸಿ ಬೇಡದ್ದನ್ನು ಕಡಿದರು ಎಂದೆ. ದಿಬ್ಬದ ಕೊರಕಲಿನಲ್ಲಿ ಆ ಬೆಂಕಿಯ ಇದ್ದಿಲಿನ ಕಪ್ಪು ಗೆರೆ ತೋರಿಸಿದೆ. ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಅದನ್ನು ಮುಟ್ಟಿ ಗಂಡನ ಮೂಗಿಗೆ ಬಳಿದಳು. ನನ್ನ ದನಿ ಆಗಲೇ ಒಡೆಯುತ್ತಿತ್ತು. ಕೆಮ್ಮಿ ಮುಚ್ಚಿದೆ.

ಆಮೇಲೆ ಆ ದೊಡ್ಡ ಮರದ ಬುಡ. ಹೋದ ಸಲ ನೀನು ಕೂತು ಬುತ್ತಿ ಬಿಚ್ಚಿದ್ದೆಯಲ್ಲ, ಅದೇ. ಒಂದೇ ಬೇರಿನಿಂದೆದ್ದ ಕಾಂಡಗಳು ಸುತ್ತುಗಟ್ಟಿ ನಿಂತಿವೆ. ಗುಡಿಸಲಿಗೆ ಗಳ ಬೇಕೆಂದು ಹಿಂದಿನವರು ಕಡಿದರು, ಚಿಗುರಿತು. ಮೊಮ್ಮಕ್ಕಳು ಕಡಿದರು, ಮತ್ತೆ ಚಿಗುರಿತು. ಕೊಡೆ ಹಿಡಿದ ನಿವೃತ್ತ ಮೇಷ್ಟ್ರೊಬ್ಬರು, ಕೊಡಲಿ ಹಾಕಿದವರನ್ನು ಹೊಗಳ್ತೀರಲ್ಲ ಸ್ವಾಮಿ, ಮರವನ್ನು ಒಂದು ಮಾತು ಕೇಳಿದ್ರಾ ಎಂದು ಗದರಿದರು. ಆಹಾ! ಅದಕ್ಕೆಂದೇ ನನ್ನ ಬಳಿ ಒಂದು ಮಾತಿದೆ. ಚಪ್ಪಾಳೆ ಬೀಳುವುದೇ ಅದಕ್ಕೆ. ಎದೆ ಉಬ್ಬಿಸಿ, ಕೈ ಎತ್ತಿ, ಬಾಯಿ ತೆರೆದೆ.

ದನಿ ಬರಲಿಲ್ಲ, ಅಕ್ಕ.

ಗಾಳಿ ಬಂತು, ಅಷ್ಟೇ. ಅದೂ ನಾಟಕವೇ ಎಂದುಕೊಂಡು ಜನ ಉಸಿರು ಬಿಗಿಹಿಡಿದು ಕಾದರು. ಅಭ್ಯಾಸಬಲ, ನಾನು ಎಡಕ್ಕೆ ತಿರುಗಿದೆ, ನೀನು ನಿಲ್ಲುತ್ತಿದ್ದ ಕಡೆಗೆ. ಅಲ್ಲಿ ಪೊದೆ ಇತ್ತು.

ಕಡೆಗೆ ಕೈಯಲ್ಲೇ ಆಡಿದೆ. ಇಲ್ಲದ ಕೊಡಲಿ ಬೀಸಿದೆ. ಬುಡದಲ್ಲಿ ಕುಸಿದು ಕೂತೆ. ಬೆರಳುಗಳನ್ನು ಒಂದೊಂದಾಗಿ ಮೇಲೆತ್ತಿದೆ. ಆಮೇಲೆ ಯಾರೂ ಕಡಿಯದೆ ಬಿಟ್ಟ, ಒಳಗೆ ಟೊಳ್ಳಾಗಿ ಉರುಳಿಬಿದ್ದ ಪಕ್ಕದ ಮರವನ್ನು ತೋರಿಸಿದೆ. ಚಪ್ಪಾಳೆ ಇಲ್ಲ. ಮೇಷ್ಟ್ರು ಮಾತ್ರ ಕೊಡೆ ಮಡಚಿ, ಓಹೋ, ಕಡಿಸಿಕೊಂಡದ್ದೇ ಉಳಿದುಕೊಂಡಿದೆ ಅನ್ನಿ ಎಂದರು. ನನ್ನ ಮಾತು! ಸರಿಸುಮಾರು ಅದೇ, ನನ್ನಷ್ಟು ಚೆನ್ನಾಗಿ ಹೇಳಲಿಲ್ಲ ಅಷ್ಟೇ. ಇಷ್ಟು ವರ್ಷ ಅದನ್ನು ನಾನೇ ಗುಡುಗಿದ್ದೇನೆ. ನನ್ನ ಕಿವಿಗೆ ಬಿದ್ದದ್ದು ಇವತ್ತು.

ಅಜ್ಜಿಯೊಬ್ಬಳು ನೀರಿನ ಬಾಟಲಿ ಚಾಚಿ, ಆಕ್ಟಿಂಗ್ ಸಾಕಪ್ಪಾ, ಮೊದಲು ಡಾಕ್ಟರಿಗೆ ತೋರಿಸು ಎಂದಳು. ತೋರಿಸಿದ್ದೇನೆ ಎನ್ನಲೂ ದನಿಯಿಲ್ಲದೆ ತಲೆಯಾಡಿಸಿದೆ.

ನೀನು ಗಾಬರಿಯಾಗಬೇಡ, ನನಗೇನೂ ಹೆದರಿಕೆಯಿಲ್ಲ. ಈಗ ದನಿ ಮರಳಿದೆ. ಪರೀಕ್ಷೆಗೆಂದು ಇಲ್ಲಿ ಒಬ್ಬನೇ ಕೂತು ಅಪ್ಪಾ ಎಂದು ಕೂಗಿದೆ. ಕಿಟಕಿಯ ಗಾಜೂ ಅಲುಗಲಿಲ್ಲ. ಆದರೂ ಮನಸ್ಸು ಬದಲಿಸಿಲ್ಲ. ಒತ್ತಾಯ ಮಾಡಬೇಡ.

ಇಂತಿ,
ನೀನೇ ಹೆಸರಿಟ್ಟ
ಗುಡುಗಪ್ಪ

ತಾ.ಕ. ಸೋಮವಾರ ಬೆಳಿಗ್ಗೆ. ಅಂಟಿಸಿದ ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ. ಆಸ್ಪತ್ರೆಗೆ ಫೋನ್ ಮಾಡಿ ಆಪರೇಷನ್ನಿಗೆ ಒಪ್ಪಿದೆ ಎಂದೆ. ಆ ಕಡೆಯಿಂದ ನರ್ಸು, ಏನು, ಸ್ವಲ್ಪ ಜೋರಾಗಿ ಮಾತಾಡಿ ಎಂದಳು. ನನಗೆ! ಹೆದರಿಕೆಯಾಗುತ್ತಿದೆ ಅಕ್ಕ, ಬೇಗ ಬಾ. ಮರಗಳು ಚಿಗುರುವ ಹೊತ್ತಿಗೆ ನಡಿಗೆಗೆ ಮತ್ತೆ ಜನ ಬರುತ್ತಾರೆ. ನಾನು ಮುಂದೆ ನಿಂತು ಕೈಯಾಡಿಸುತ್ತೇನೆ, ಮಾತು ನಿನ್ನದು. ಪಿಸುಗುಟ್ಟಿದರೆ ನಡೆಯುವುದಿಲ್ಲ ಮತ್ತೆ. ಕಡೇ ಸಾಲಿಗೂ ಕೇಳಬೇಕು.