ಕೋಳಿಗೆ ಕಟ್ಟಿದ ರೊಪ್ಪ

ಕರೇಕಲ್ಲಹಟ್ಟಿ,
ಹಿರಿಯೂರು ತಾಲ್ಲೂಕು.
12-2-2025, ಬುಧವಾರ

ಯಶೋದಾಳ ಅಪ್ಪನವರಿಗೆ ನಿಮ್ಮ ಮನೆಯಾಕೆ ಮಾಡುವ ನಮಸ್ಕಾರಗಳು.

ನಿಮ್ಮ ಮೊಣಕಾಲು ಹೇಗಿದೆ? ಭದ್ರಾ ನಾಲೆಯ ಕಡೆ ನೀವು ಮಂದೆ ನಿಲ್ಲಿಸಿರುವ ಗದ್ದೆಗಳಲ್ಲಿ ತೇವ ಜಾಸ್ತಿ. ಬರಿಯ ನೆಲದ ಮೇಲೆ ಕಂಬಳಿ ಹಾಸಿ ಮಲಗಬೇಡಿ, ಕೆಳಗೆ ಒಂದಿಷ್ಟು ಹುಲ್ಲು ಹಾಕಿಕೊಳ್ಳಿ. ಕನಕರಾಜನ ಲಗೇಜ್ ಆಟೋದಲ್ಲಿ ಹೋದ ವಾರ ಕಳಿಸಿದ ಎಣ್ಣೆಯನ್ನು ಹಚ್ಚಿಕೊಳ್ಳುತ್ತಿದ್ದೀರೋ ಅಥವಾ ಕುರಿಯ ಗೊರಸಿಗೆ ಸುರಿದಿರೋ? ನಿಮ್ಮ ಬುದ್ಧಿ ನನಗೆ ಗೊತ್ತು. ಈಯ್ದ ಕುರಿಗಳ ಹಾಲು ಮರಿಗಳಿಗೆ ಸಾಕಾಗುತ್ತಿದೆಯೇ? ಜುಂಜೇಶ ಹೊತ್ತಿಗೆ ಸರಿಯಾಗಿ ಉಣ್ಣುತ್ತಾನೆಯೇ? ಮೊಬೈಲು ನೋಡಿಕೊಂಡು ಅರ್ಧ ಮುದ್ದೆಯನ್ನು ನಾಯಿಗೆ ಹಾಕುತ್ತಿದ್ದರೆ ಬೆನ್ನಿಗೆ ಒಂದು ಕೊಡಿ, ಮಗ ದೊಡ್ಡವನಾದ ಎಂದು ನೋಡಬೇಡಿ. ಇಲ್ಲಿ ನಾನು, ಯಶೋದಾ, ಮೊಮ್ಮಗಳು ಕಾವ್ಯಶ್ರೀ ಮೂವರೂ ಕ್ಷೇಮ.

ಫೋನು ಇರುವಾಗ ಕಾಗದ ಯಾಕೆ ಎಂದು ಕೇಳುತ್ತೀರಿ. ಶನಿವಾರ ನೀವು ಫೋನು ಮಾಡಿದಾಗ ಸ್ಪೀಕರ್ ಹಾಕಿಕೊಂಡಿದ್ದಿರಿ. "ಗೂಡು ಕಿತ್ತಾಕು. ನಾನು ಬರೋದ್ರೊಳಗೆ ಒಂದು ಪುಕ್ಕನೂ ಕಾಣಬಾರ್ದು" ಎಂದಿರಿ. ಹಿಂದೆ ನಾಲ್ಕು ಜನ ನಕ್ಕಿದ್ದು ನನಗೆ ಕೇಳಿಸಿತು. ಗಂಡಸರ ಮುಂದೆ ಹೆಂಡತಿಗೆ ಜೋರು ಮಾಡಿದ ಹಾಗೂ ಆಗಬೇಕು, ಅಲ್ಲವೇ? ನಾನು ಫೋನು ಇಟ್ಟೆ. ಕಾಗದಕ್ಕೆ ಸ್ಪೀಕರ್ ಇರುವುದಿಲ್ಲ. ನಮ್ಮಪ್ಪನ ಹಟ್ಟಿಯಿಂದ ಹಿರಿಯೂರಿನ ಹೈಸ್ಕೂಲಿಗೆ ನಡೆದುಹೋದ ಮೊದಲ ಹುಡುಗಿ ನಾನು. ಆ ಕಲಿಕೆ ಇಂಥ ಹೊತ್ತಿಗಲ್ಲದೆ ಇನ್ನು ಯಾವಾಗ ಬೇಕು? ಜುಂಜೇಶನಿಗೆ ಕೊಡದೆ ನೀವೇ ಓದಿಕೊಳ್ಳಿ. ನೀವು ಕಲಿತ ನಾಲ್ಕನೇ ಕ್ಲಾಸಿಗೆ ಇಷ್ಟು ಓದಲು ಬರುತ್ತದೆ. ಅಕ್ಷರಗಳನ್ನು ದಪ್ಪಗೆ ಬರೆದಿದ್ದೇನೆ.

ನಡೆದದ್ದನ್ನು ರಂಗಸ್ವಾಮಿ ನಿಮಗೆ ಒಂದು ರೀತಿ ಹೇಳಿದ್ದಾನೆ. ನಿಮ್ಮ ದೊಡ್ಡಪ್ಪನ ಮಗ, ಹಟ್ಟಿಯ ಯಜಮಾನ, ಅವನ ಮಾತು ನಿಮಗೆ ದೊಡ್ಡದು. ಈಗ ನನ್ನದನ್ನು ಕೇಳಿ. ಯಶೋದಾ ಬಾಗೂರಿನ ಗಂಡನ ಮನೆ ಬಿಟ್ಟು ಆಷಾಢದಲ್ಲಿ ಬಂದಳು. ಒಂದು ಕೈಯಲ್ಲಿ ಬ್ಯಾಗು, ಇನ್ನೊಂದು ಕೈಯಲ್ಲಿ ಮಗಳು, ಕೆನ್ನೆಯ ಮೇಲೆ ಐದು ಬೆರಳು. ನೀವು ಆವತ್ತು "ಇರ್ಲಿ ಬಿಡು, ನಮ್ಮನೇಲಿ ಅನ್ನ ಐತೆ" ಎಂದಿರಿ. ಅದಕ್ಕೆ ನಿಮ್ಮ ಮೇಲೆ ನನಗೆ ಗೌರವವಿದೆ. ಆದರೆ ಅನ್ನ ಇದ್ದರೆ ಸಾಕಾಗುತ್ತದೆಯೇ? ಮಂದೆಯ ಕುರಿಗಳ ಕಿವಿಯಲ್ಲಿ ನಿಮ್ಮ ಗುರುತಿದೆ, ಜುಂಜೇಶನ ಗುರುತಿದೆ. ಮದುವೆ ಮಾಡಿ ಕೊಟ್ಟ ಹೆಣ್ಣಿಗೆ ತನ್ನದೆಂಬ ಗುರುತಿಲ್ಲ. ಏಳು ತಿಂಗಳು ಅವಳು ನಮ್ಮ ಕಸ ಗುಡಿಸಿ, ನಮ್ಮ ನೀರು ಹೊತ್ತು, ತಟ್ಟೆಯ ಮುಂದೆ ಕೂತಾಗ ಎರಡನೇ ಸಲ ಸಾರು ಕೇಳಲಿಲ್ಲ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ನನ್ನ ಮನೆಯಲ್ಲಿ ಸಾರು ಕೇಳಲು ಹೆದರಿದಳು.

ಸಂಕ್ರಾಂತಿ ಆದ ವಾರ ಕೆಳಗಿನ ಊರಿನ ಚಂದ್ರಕ್ಕ ಕಂಬಳಿ ಕೇಳಿಕೊಂಡು ಬಂದಳು. ಆಕೆಯ ಮನೆಯಲ್ಲಿ ನಾಟಿ ಕೋಳಿಗಳಿರುವುದು ನಿಮಗೆ ಗೊತ್ತು. ಯಶೋದಾ ಈ ವರ್ಷ ನೂತು ನೇಯಿಸಿದ ಕಂಬಳಿಯನ್ನು ಕೊಟ್ಟು ಮೊಟ್ಟೆ ಇಡುವ ಎರಡು ಕೋಳಿ, ಒಂಬತ್ತು ಮರಿಗಳ ಒಂದು ತಾಯಿಕೋಳಿಯನ್ನು ಕೇಳಿದಳು. ನನ್ನನ್ನು ಕೇಳದೆಯೇ ಕೇಳಿದಳು. ಆಮೇಲೆ ನನ್ನ ಮುಖ ನೋಡಿದಳು. ಕೋಳಿ ನಮ್ಮ ದೇವರಿಗೆ ಮೈಲಿಗೆ, ಹಟ್ಟಿಯ ಬೇಲಿಯೊಳಗೆ ಅದು ಕಾಲಿಡಬಾರದೆಂಬುದನ್ನು ನನಗೆ ಹೊಸದಾಗಿ ಯಾರೂ ಹೇಳಿಕೊಡಬೇಕಿಲ್ಲ. ನಿಮ್ಮ ತಂಗಿಯ ಮದುವೆಯಲ್ಲಿ ಯಾರದೋ ಗಾಡಿಯಿಂದ ಇಳಿದ ಹುಂಜವನ್ನು ಕೋಲು ಹಿಡಿದು ಓಡಿಸಿದವಳು ನಾನೇ. ಆದರೆ ಏಳು ತಿಂಗಳಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಬೇಲಿಯ ಆಚೆ ನೂರು ಹೆಜ್ಜೆ ದೂರ, ಬೇವಿನ ಮರದ ಹತ್ತಿರ ಗೂಡು ಕಟ್ಟುವುದೆಂದು ನಾನೇ ಜಾಗ ತೋರಿಸಿದೆ.

ಗೂಡು ಕಟ್ಟಿದವಳೂ ನಾನೇ. ತಪ್ಪು ಆದದ್ದೂ ಅಲ್ಲಿಯೇ. ಅದನ್ನು ಮುಚ್ಚಿಡುವುದಿಲ್ಲ. ನಲವತ್ತು ವರ್ಷ ನಿಮ್ಮ ಜೊತೆ ಕುರಿಗೆ ರೊಪ್ಪ ಹಾಕಿದ ಕೈ ಇದು. ಜಾಲಿ ಮುಳ್ಳು ಕಡಿದು ತಂದು, ಎದೆಯೆತ್ತರಕ್ಕೆ ದುಂಡಗೆ ಒತ್ತಿ, ಬಾಯಿಗೆ ಒಂದು ಮುಳ್ಳಿನ ಕಂತೆ ಇಟ್ಟೆ. ತೋಳ ನುಗ್ಗದ ಬಿಗಿ. ಯಶೋದಾ "ಅವ್ವಾ, ಮೇಲಕ್ಕೆ?" ಎಂದಳು. ಮೇಲಕ್ಕೆ ಯಾಕೆ ಬೇಕು ಎಂದು ಗದರಿಸಿದೆ. ಕುರಿ ಎಂದಾದರೂ ಮೇಲಕ್ಕೆ ಹೋಗಿದೆಯೇ? ಹೋದ ವಾರ ಚಂದ್ರಕ್ಕ ಕೋಳಿ ತಂದವಳು ನೋಡಿ ಸೊಂಟ ಹಿಡಿದುಕೊಂಡು ನಕ್ಕಳು. "ಏನಕ್ಕಾ, ಕೋಳಿಗೆ ರೊಪ್ಪ ಹಾಕಿದ್ದೀಯ! ನಾಳೆ ಇವನ್ನ ಮಂದೆ ಹೊಡ್ಕಂಡು ಮಾರಿಕಣಿವೆ ಕಡೆ ಮೇಯಿಸಾಕೆ ಹೋಗ್ತೀಯೇನು?" ಎಂದಳು. ನನಗೆ ಸಿಟ್ಟು ಬಂತು. "ನಿನ್ನ ಕೋಳಿ ಕೊಟ್ಟು ನೀನು ನಡಿ. ಪ್ರಾಣಿ ಸಾಕೋದು ನಮಗೆ ಹೇಳಿಕೊಡಬ್ಯಾಡ" ಎಂದೆ. ಚಂದ್ರಕ್ಕ ನಗುತ್ತಲೇ ಹೋದಳು.

ಮೊದಲ ದಿನವೇ ಹದ್ದು ಬಂದು ಎರಡು ಮರಿ ಎತ್ತಿಕೊಂಡು ಹೋಯಿತು. ಮಾರನೆಯ ಬೆಳಿಗ್ಗೆ ಮುಂಗುಸಿ ಮುಳ್ಳಿನ ಬುಡದಲ್ಲಿ ನುಸುಳಿ ಇನ್ನೊಂದನ್ನು ಒಯ್ದಿತು. ತೋಳಕ್ಕೆ ಕಟ್ಟಿದ ಬೇಲಿ ಮುಂಗುಸಿಗೆ ಹೆಬ್ಬಾಗಿಲು. ಸಂಜೆ ಕೋಳಿಗಳನ್ನು ಒಳಗೆ ಸೇರಿಸಲು ಕೋಲು ಹಿಡಿದು, ನಾಲಿಗೆಯಲ್ಲಿ ಕುರಿಗೆ ಮಾಡುವ ಸದ್ದು ಮಾಡುತ್ತ ಹಿಂದೆ ಹೋದೆ. ಕುರಿಯಾದರೆ ಮುಂದಿನದು ತಿರುಗಿದರೆ ಉಳಿದವೂ ತಿರುಗುತ್ತವೆ. ಈ ಮೂರು ಕೋಳಿಗಳು ಮೂರು ದಿಕ್ಕಿಗೆ ಓಡಿದವು. ಕಾವ್ಯಶ್ರೀ ನಗು ತಡೆಯಲಾರದೆ ಕುಳಿತುಬಿಟ್ಟಳು. "ಅಜ್ಜಿ, ಕತ್ತಲಾದ್ರೆ ಅವೇ ಬರ್ತವೆ, ಸುಮ್ನಿರು" ಎಂದಳು. ಆ ಪುಸ್ತಕದ ಬುದ್ಧಿ ನನಗೆ ಆವತ್ತು ಬೇಕಾಗಿರಲಿಲ್ಲ. ಕೆಂದ ಕೋಳಿ ನನ್ನ ಕೋಲಿಗೆ ಹೆದರಿ ಮುಳ್ಳಿನ ಮೇಲೆ ಹಾರಿತು, ಅಲ್ಲಿಂದ ಇಳಿದು ಓಡಿ ಹಟ್ಟಿಯ ಬೇಲಿಯ ಮೇಲೆ, ಅಲ್ಲಿಂದ ಒಳಕ್ಕೆ. ಹುಡುಕಿದೆವು, ಸಿಗಲಿಲ್ಲ. ಬೆಳಿಗ್ಗೆ ರಂಗಸ್ವಾಮಿ ದೇವರಿಗೆ ನೀರು ತಂದಾಗ ಗುಡಿಯ ಕಟ್ಟೆಯ ಮೇಲೆ ಅದು ಕೂತಿತ್ತು. ಅವನನ್ನು ನೋಡಿ ಕೊಕ್ಕೊಕ್ಕೋ ಎಂದು ಕೂಗಿ ಎದ್ದಿತು. ಕೆಳಗೆ ಮೊಟ್ಟೆ.

ಹಟ್ಟಿಯೆಲ್ಲ ಸೇರಿತು. ನಾನು ದೇವರ ಮುಂದೆ ಅಡ್ಡ ಬಿದ್ದೆ, ಕಟ್ಟೆ ತೊಳೆದೆ, ಗಂಜಲ ಚಿಮುಕಿಸಿದೆ, ಒಂದು ಚೆಂಬು ಕುರಿಹಾಲು ಇಟ್ಟು ತಪ್ಪಾಯಿತು ತಂದೆ ಎಂದೆ. ದೇವರಿಗೆ ಅಷ್ಟು. ರಂಗಸ್ವಾಮಿಗೆ ತಪ್ಪಾಯಿತು ಅನ್ನಲಿಲ್ಲ. "ಹುಚ್ಚಕ್ಕಾ, ಹೆಸರಿಗೆ ತಕ್ಕಂಗೆ ಆಡ್ತೀಯಲ್ಲ" ಎಂದ, ಎಲ್ಲರ ಮುಂದೆ. "ಹೆಸರಿಟ್ಟೋನು ನಮ್ಮಪ್ಪ, ನಿನ್ನ ಕೇಳಿ ಇಟ್ಟಿಲ್ಲ" ಎಂದೆ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಅಂದು ಅವನಿಗೆ ಉರಿದದ್ದು ಮೊಟ್ಟೆಗಲ್ಲ, ಆ ನಗುವಿಗೆ.

ಆಮೇಲೆ ನಿಮ್ಮ ಫೋನು ಬಂತು. ನೀವು ಕಿತ್ತುಹಾಕು ಎಂದ ಗೂಡನ್ನು ನಾನು ಅದೇ ಮಧ್ಯಾಹ್ನ ಕಿತ್ತುಹಾಕಿದೆ. ನಿಮ್ಮ ಮಾತು ಮೀರಿದೆ ಎಂದು ಯಾರೂ ಹೇಳದಿರಲಿ. ಭಾನುವಾರ ಹೊಸದನ್ನು ಕಟ್ಟಿದೆ. ಅದಕ್ಕೆ ಮೊದಲು ಚಂದ್ರಕ್ಕನ ಮನೆಗೆ ನಡೆದುಹೋಗಿ, "ನನಗೆ ಗೊತ್ತಿಲ್ಲ, ಹೇಳಿಕೊಡು" ಎಂದೆ. ಈ ಮಾತನ್ನು ನಾನು ನನ್ನ ಆಯುಸ್ಸಿನಲ್ಲಿ ಎಷ್ಟು ಸಲ ಆಡಿದ್ದೇನೆ ಎಂಬುದು ನಿಮಗೆ ಗೊತ್ತು. ಆಕೆ ನಗಲಿಲ್ಲ. "ಕುಂತ್ಕಳಕ್ಕಾ, ಕಾಫಿ ಕುಡಿ, ಹೋಗಾಣ" ಎಂದು ಕುಡುಗೋಲು ಹಿಡಿದುಕೊಂಡು ನನ್ನ ಜೊತೆ ಬಂದಳು.

ಹೊಲದ ಮೂಲೆಯಲ್ಲಿ ಬಿದ್ದಿದ್ದ ನಾಲ್ಕು ಕಲ್ಲುಕಂಬಗಳನ್ನು ಮೊಣಕಾಲೆತ್ತರಕ್ಕೆ ನೆಟ್ಟು, ಅದರ ಮೇಲೆ ಗೂಡು ಕೂರಿಸಿದ್ದೇವೆ. ಆಗ ಮುಂಗುಸಿಗೆ ಬುಡವೇ ಸಿಗುವುದಿಲ್ಲ. ತಳಕ್ಕೆ ಸೀಳಿದ ಬಿದಿರಿನ ದಬ್ಬೆಗಳನ್ನು ಬೆರಳಗಲ ಸಂದು ಬಿಟ್ಟು ಕಟ್ಟಿದೆವು, ಹಿಕ್ಕೆ ಕೆಳಗೆ ಬೀಳುತ್ತದೆ, ಯಶೋದಾ ಬಳಿದು ಬದನೆ ಗಿಡಕ್ಕೆ ಹಾಕುತ್ತಾಳೆ. ಮೂರು ಗೋಡೆಗೆ ಲಂಟಾನ ಕಡ್ಡಿಯ ತಡಿಕೆ, ಎದುರಿಗೆ ತಂತಿಯ ಜಾಲರಿ. ಮೇಲೆ ತೆಂಗಿನ ಗರಿ, ಅದರ ಮೇಲೆ ಹಳೆಯ ತಗಡು. ನೋಡಿ, ಈ ಸಲ ಮೇಲೆ ಮುಚ್ಚಿದ್ದೇನೆ! ಒಳಗೆ ಮಣಿಕಟ್ಟಿನ ದಪ್ಪದ ಒಂದು ಗಳು ಅಡ್ಡ ಹಾಕಿದ್ದೇವೆ. ಕೋಳಿ ನೆಲದ ಮೇಲೆ ಮಲಗುವುದಿಲ್ಲವಂತೆ, ಗಳುವಿನ ಮೇಲೆ ಕೂತು ನಿದ್ದೆ ಮಾಡುತ್ತದಂತೆ. ನಲವತ್ತು ವರ್ಷ ಪ್ರಾಣಿಗಳ ನಡುವೆ ಬಾಳಿದವಳಿಗೆ ಇದು ಗೊತ್ತಿರಲಿಲ್ಲ. ಮೊಟ್ಟೆಗೆ ಮೂಲೆಯಲ್ಲಿ ಹುಲ್ಲು ಹಾಸಿದ ಪುಟ್ಟಿ, ಹೇನು ಆಗದಂತೆ ಅದರ ತಳದಲ್ಲಿ ಬೂದಿ ಮತ್ತು ಬೇವಿನ ಸೊಪ್ಪು. ಉಳಿದ ಆರು ಮರಿಗಳಿಗೂ ತಾಯಿಗೂ ಬೇರೆ ಗೂಡು, ದೊಡ್ಡ ಮಂಕರಿಯನ್ನು ಬೋರಲು ಹಾಕಿ, ಪಕ್ಕದಲ್ಲಿ ಮರಿ ತೂರುವಷ್ಟು ಬಾಗಿಲು ಕೊಯ್ದು, ಮೇಲೆ ಕಲ್ಲು ಹೇರಿದ್ದೇವೆ. ಮರಿ ಹೊರಗೆ ಬಂದು ಮೇಯುತ್ತದೆ, ಹದ್ದಿನ ನೆರಳು ಕಂಡರೆ ಒಳಗೆ ಓಡುತ್ತದೆ, ರಾತ್ರಿ ಆ ಬಾಗಿಲಿಗೂ ಕಲ್ಲು. ಸಂಜೆ ನಾನು ಕೋಲು ಹಿಡಿಯುವುದನ್ನು ಬಿಟ್ಟಿದ್ದೇನೆ. ಕತ್ತಲಾಗುತ್ತಲೇ ಅವೇ ಬಂದು ಒಂದೊಂದಾಗಿ ಹತ್ತುತ್ತವೆ. ಕಾವ್ಯಶ್ರೀ ನನ್ನ ಮುಖ ನೋಡುತ್ತಾಳೆ, ನಾನು ಬೇರೆ ಕಡೆ ನೋಡುತ್ತೇನೆ. ಭಾನುವಾರ ಊಟಕ್ಕೆ ಕೂತಾಗ ಯಶೋದಾ ಎರಡನೇ ಸಲ ಸಾರು ಕೇಳಿದಳು.

ಸೋಮವಾರ ರಂಗಸ್ವಾಮಿ ಹಟ್ಟಿ ಕೂಡಿಸಿದ. ಗೂಡು ಬೇಲಿಯ ಆಚೆ ಇದೆ, ಮೇಲೆ ಮುಚ್ಚಿದೆ, ಇನ್ನು ಹಾರಿ ಬರುವುದಿಲ್ಲ ಎಂದೆ. "ಗೂಡು ಆಚೆ ಇದ್ರೇನು, ಕೋಳಿ ಮುಟ್ಟಿದ ಕೈ ಒಳಗೆ ಬರ್ತೈತಲ್ಲ. ಅದೇ ಕೈ ಬಿಂದಿಗೆ ಮುಟ್ತೈತಲ್ಲ" ಎಂದ. ಆಗ ನಾನು ಕೇಳಿದೆ, ನಿಮ್ಮನ್ನೂ ಸೇರಿಸಿಯೇ ಕೇಳಿದೆ, ಸಿಟ್ಟಾದರೆ ಆಗಿ. ಹಿರಿಯೂರಿನ ಸಂತೆಗೆ ಹೋದ ಗಂಡಸರು ಪರೋಟದ ಜೊತೆ ತಿಂದು ಬರುವುದೇನು? ಶಾಲೆಯಲ್ಲಿ ಮಕ್ಕಳ ತಟ್ಟೆಗೆ ಬೀಳುವ ಮೊಟ್ಟೆಯನ್ನು ಇಟ್ಟಿದ್ದು ಬಾಳೆಗಿಡವೇ? ಹೊಟ್ಟೆಯೊಳಗೆ ಕೂತು ಬೇಲಿ ದಾಟಿದರೆ ಕೋಳಿ ಕೋಳಿಯಲ್ಲವೇ? ರಂಗಸ್ವಾಮಿ ಮೀಸೆ ಒರೆಸಿಕೊಂಡ. ಆಮೇಲೆ, "ಅದೆಲ್ಲ ಬ್ಯಾಡ. ಕೋಳಿ ಇರ್ಬೇಕು ಅಂದ್ರೆ ಸಾಕೋರೂ ಬೇಲಿಯಾಚೆ ಇರ್ಲಿ. ಇಲ್ಲ, ಶುಕ್ರವಾರದೊಳಗೆ ಕೋಳಿ ಕಳಿಸ್ರಿ" ಎಂದ. ಮನೆಯವರಿಗೆ ಬರೆಯುತ್ತೇನೆ ಎಂದು ಹೇಳಿ ಎದ್ದು ಬಂದೆ.

ಆ ರಾತ್ರಿ ಯಶೋದಾ ಬಟ್ಟೆ ಮಡಿಸುತ್ತಿದ್ದಳು. "ಅವ್ವಾ, ನನ್ನಿಂದ ನಿಮಗೆ ಯಾಕೆ ಕೆಟ್ಟ ಹೆಸರು. ಕೋಳಿ ವಾಪಸ್ ಕೊಟ್ಟು ಬಾಗೂರಿಗೆ ಹೋಗ್ತೀನಿ. ಹೊಡೆದ್ರೂ ಅದು ನನ್ನ ಮನೆ ಅಂತಾರೆ" ಎಂದಳು. ನಾನು ಬ್ಯಾಗು ಕಿತ್ತುಕೊಂಡು ಅಟ್ಟದ ಮೇಲೆ ಎಸೆದೆ. ಇದನ್ನು ನೀವು ತಿಳಿಯಬೇಕು. ಇಲ್ಲಿ ಮಾತು ಕೋಳಿಯದಲ್ಲ. ಕೋಳಿ ಹೋದ ದಿನ ನಿಮ್ಮ ಮಗಳು ಹೋಗುತ್ತಾಳೆ. ಆ ಕೆನ್ನೆ ನೋಡಿ ನೀವು ಹಟ್ಟಿಯ ಬಾಗಿಲಲ್ಲಿ ಕಣ್ಣು ಒರೆಸಿಕೊಂಡದ್ದನ್ನು ನಾನು ಒಬ್ಬಳೇ ನೋಡಿದ್ದೇನೆ, ಯಾರಿಗೂ ಹೇಳಿಲ್ಲ.

ಕಾವ್ಯಶ್ರೀ ತಾತನಿಗೆ ನಮಸ್ಕಾರ ಹೇಳಿದ್ದಾಳೆ, ಬರುವಾಗ ಹರಿಹರದಿಂದ ಜಾಮಿಟ್ರಿ ಬಾಕ್ಸ್ ತರಬೇಕಂತೆ. ಜುಂಜೇಶನಿಗೆ ನನ್ನ ಆಶೀರ್ವಾದ. ದೇವರು ಮಂದೆಯನ್ನೂ ನಿಮ್ಮನ್ನೂ ರೋಗ ಮುಟ್ಟದಂತೆ ಕಾಯಲಿ, ನಿಮ್ಮ ಕಾಲಿಗೆ ಬಲ ಕೊಡಲಿ, ಉಳಿದದ್ದಕ್ಕೆ ನಾನಿದ್ದೇನೆ.

ಇಂತಿ ನಿಮ್ಮ ಮನೆಯಾಕೆ,
ಹುಚ್ಚಕ್ಕ

ಮರೆತಿದ್ದೆ: ಕನಕರಾಜ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಮೇಲೆ ನಾನು ನಿಮ್ಮ ಒಪ್ಪಿಗೆ ಕೇಳುತ್ತಿದ್ದೇನೆ ಎಂದು ತಿಳಿಯಬೇಡಿ. ಇವತ್ತು ಬೆಳಿಗ್ಗೆ ನಾವು ಮೂವರೂ ಬೇಲಿಯ ಆಚೆಗೆ ಬಂದೆವು. ಬೇವಿನ ಮರದ ಕೆಳಗೆ ಗುಡಿಸಲು ಎದ್ದಿದೆ, ಒಲೆ ಹೊತ್ತಿದೆ. ರಂಗಸ್ವಾಮಿ ಬೆದರಿಸಲು ಹೇಳಿದ, ನಾನು ಕೇಳಿಬಿಟ್ಟೆ, ಈಗ ಅವನಿಗೆ ಏನು ಮಾಡುವುದೆಂದು ಗೊತ್ತಾಗುತ್ತಿಲ್ಲ. ಬೇಲಿಯಾಚೆ ನಮಗೇನು ಹೊಸದು? ತಿಂಗಳು ತಿಂಗಳು ಮೂರು ದಿನ ನಮ್ಮನ್ನು ಮಳೆಯೋ ಚಳಿಯೋ ಎನ್ನದೆ ಇಲ್ಲಿಯೇ ಕೂರಿಸಿದ್ದರು, ಯಶೋದಾಳನ್ನು ನಾನು ಹೆತ್ತದ್ದೂ ಇಲ್ಲಿಯೇ. ನೀರು ಎಲ್ಲಿ ನಿಲ್ಲುತ್ತದೆ, ಗಾಳಿ ಯಾವ ಕಡೆಯಿಂದ ಹೊಡೆಯುತ್ತದೆ ಎಂದು ನಿಮಗಿಂತ ನನಗೆ ಚೆನ್ನಾಗಿ ಗೊತ್ತು. ಮನೆಗೆ ಬೀಗ ಹಾಕಿದ್ದೇನೆ, ಕೀಲಿ ನನ್ನ ಸೊಂಟದಲ್ಲಿದೆ. ನಿಮ್ಮ ಮಂಚವನ್ನು ಮಾತ್ರ ಈಚೆಗೆ ತಂದಿದ್ದೇನೆ. ಬಂದಾಗ ಎಲ್ಲಿ ಮಲಗುತ್ತೀರೆಂದು ದಾರಿಯಲ್ಲೇ ಯೋಚಿಸಿಕೊಂಡು ಬನ್ನಿ.