ಕೊನೆಯ ಜಗ್ಗು

ಗಾಳಿಪೇಟೆ
ಆಷಾಢದ ಎಪ್ಪತ್ತೊಂದನೆಯ ದಿನ, ಗಾಳಿ ಶುರುವಾದ ಮೇಲಿನ ಇನ್ನೂರ ಹನ್ನೆರಡನೆಯ ವರ್ಷ

ಇನ್ನೂ ಹುಟ್ಟದ ನನ್ನ ಮೊಮ್ಮಗಳಿಗೆ, ನಿನ್ನ ಅಜ್ಜಿ ಫಕೀರವ್ವ ಬರೆಯುವುದು.

ಹಿಂದಿನವರ ಆಷಾಢಕ್ಕೆ ಮೂವತ್ತೇ ದಿನವಂತೆ. ನಮ್ಮಲ್ಲಿ ಗಾಳಿ ನಿಲ್ಲುವವರೆಗೆ ತಿಂಗಳು ಮುಗಿಯುವುದಿಲ್ಲ. ನಿನ್ನ ಕಾಲಕ್ಕೆ ಮಾತುಗಳು ಬದಲಾಗಿ ನನ್ನ ಬರವಣಿಗೆ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೋ. ಸಿಟ್ಟು ಮಾತ್ರ ಎಲ್ಲ ಕಾಲದಲ್ಲೂ ಒಂದೇ, ಅದು ಅರ್ಥವಾಗುತ್ತದೆ. ನಿನ್ನ ಅವ್ವ ನಿಂಬೆವ್ವ, ಅಂದರೆ ನನ್ನ ಹಿರಿಯ ಮಗಳು, ಈಗ ಆರು ವರ್ಷದವಳು. ನೀನು ಬರುವಷ್ಟರಲ್ಲಿ ನನ್ನ ಸಿಟ್ಟು ಆರಿರುತ್ತದೆ. ಅಜ್ಜಿಯರಾದವರು ಮೆತ್ತಗಾಗುವುದನ್ನು ದಿನಾ ನೋಡುತ್ತೇನೆ. ಅದಕ್ಕೇ ಬಿಸಿಯಿದ್ದಾಗಲೇ ಬರೆದಿಡುತ್ತಿದ್ದೇನೆ.

ನಮ್ಮೂರಿನ ಮನೆಗಳೆಲ್ಲ ಎದೆಮಟ್ಟ ನೆಲದೊಳಗೆ ಇಳಿದಿವೆ. ಬಟ್ಟೆ ಒಣಗುವುದು ಕೋಣೆಯಲ್ಲಿ. ರೊಟ್ಟಿಯ ಬುಟ್ಟಿ ಪೇಟೆಗೆ ಹೋಗುವುದು ಮೇಲೊಂದು ಕಲ್ಲು ಹೇರಿಕೊಂಡು. ಬೀದಿಯ ಉದ್ದಕ್ಕೂ ಕಂಬದಿಂದ ಕಂಬಕ್ಕೆ ಬಿಗಿದಿರುವುದು ಸಾಲುಹಗ್ಗ. ನಡೆಯುವವರು ತಮ್ಮ ಸೊಂಟದ ಹಗ್ಗವನ್ನು ಅದಕ್ಕೆ ಜಾರುಗಂಟು ಹಾಕಿಕೊಳ್ಳುತ್ತಾರೆ. ನಡೆದರೆ ಆ ಗಂಟು ಜಾರಬೇಕು, ಗಾಳಿ ಎಳೆದರೆ ಹಿಡಿಯಬೇಕು. ಆ ಗಂಟು ಹಾಕಲು ಬಾರದ ಮಕ್ಕಳನ್ನು ತಾಯಿಯ ಸೊಂಟಕ್ಕೆ ಕಟ್ಟುವ ಮೂರು ಮೊಳದ ದಾರವೇ ಒಡಲದಾರ. ಮಗು ತಾನೇ ಗಂಟು ಹಾಕಿಕೊಂಡ ದಿನ ಒಡಲದಾರ ಬಿಚ್ಚಬೇಕು, ಮತ್ತೆ ಕಟ್ಟುವಂತಿಲ್ಲ. ಇದು ಊರ ಕಟ್ಟಳೆ.

ನಾನು ಒಂದು ಸುರುಳಿ ಹಗ್ಗ ಹೊತ್ತು ಮನೆಮನೆ ತಿರುಗಿ ಮೇಲೆ ಬಂದವಳು. ಈಗ ಪೇಟೆಯಲ್ಲಿ ಅಂಗಡಿ, ಅದರ ಹಿಂದೆಯೇ ಮನೆ. ಹಗ್ಗಕ್ಕಿಂತ ನನ್ನ ಬಾಯಿ ಉದ್ದ ಎಂದು ಪಕ್ಕದ ಮಿರ್ಚಿ ಅಂಗಡಿಯ ದುರ್ಗವ್ವ ಅನ್ನುತ್ತಾಳೆ. ಬಂದ ಗಿರಾಕಿಗೆಲ್ಲ, ದಿನಕ್ಕೆ ನಲವತ್ತು ಸಲ, ಗಂಟು ಕಟ್ಟಿ ತೋರಿಸುತ್ತೇನೆ: "ಮೂರು ಸುತ್ತ್ರಿ, ಒಳಗ ತೂರಸ್ರಿ, ಕಡೀಕ ಬಾಲ ಹಿಡದು ಜಗ್ಗ್ರಿ. ಆನಿ ಕಟ್ರಿ ಬೇಕಾದ್ರ, ಹಾರೂದಿಲ್ಲ." ನಿನ್ನ ಅವ್ವನಿಗೆ ಮಾತ್ರ ಆ ಕೊನೆಯ ಜಗ್ಗು ಹೇಳಿಕೊಡಲಿಲ್ಲ. ಜಗ್ಗದ ಗಂಟು ಎರಡು ಹೆಜ್ಜೆಗೆ ಬಿಚ್ಚುತ್ತದೆ. "ಕೈ ಇನ್ನೂ ಸಣ್ಣವು ಅದಾವ, ಮುಂದಿನ ವರ್ಷ ಬರ್ತದ" ಎನ್ನುತ್ತಿದ್ದೆ. ಒಂದೂವರೆ ವರ್ಷ ಹೀಗೆ ನಡೆಯಿತು. ಅವಳನ್ನು ಸೊಂಟಕ್ಕೆ ಕಟ್ಟಿಕೊಂಡೇ ವ್ಯಾಪಾರ ಮಾಡುತ್ತಿದ್ದೇನೆ, ದಿನಕ್ಕೆ ನಲವತ್ತು ಸಲ ನನ್ನ ಬಾಯಿಂದಲೇ ಕೇಳುತ್ತಿದ್ದಾಳೆ ಎಂಬುದು ನನಗೆ ಹೊಳೆಯಲೇ ಇಲ್ಲ.

ಇವತ್ತು ಬೆಳಿಗ್ಗೆ ಬೀದಿಗೆ ಇಳಿಯುವ ಮುಂಚೆ ಅವಳ ಸೊಂಟದ ದಾರ ಬಿಗಿ ಮಾಡಲು ಬಾಗಿದೆ. "ಬಿಡವ್ವಾ, ನಾ ಹಾಕ್ಕೊಂಡೀನಿ" ಅಂದಳು. ನೋಡಿದರೆ ಅಂಗಡಿಯದೇ ಒಂದು ಹಗ್ಗ ಸೊಂಟಕ್ಕೆ ಬಿಗಿದು, ಸಾಲುಹಗ್ಗಕ್ಕೆ ಮೂರು ಸುತ್ತು. ಬಾಲ ಹಿಡಿದು ಜಗ್ಗಿದಳು, ನನ್ನ ಹಾಗೆಯೇ ತುಟಿ ಕಚ್ಚಿಕೊಂಡು. ಒಡಲದಾರದ ತುದಿಯನ್ನು ತನ್ನ ಸೊಂಟದಿಂದ ಬಿಚ್ಚಿ ನನ್ನ ಕೈಯಲ್ಲಿಟ್ಟಳು. "ತಗೋ, ನಿಂದು." ಶಾಲೆಗೆ ಹೊರಟೇ ಹೋದಳು. ತಿರುಗಿ ನೋಡಲಿಲ್ಲ.

"ಊರಿಗೆಲ್ಲಾ ಗಂಟು ಕಲಿಸಾಕಿ ನೀನು. ನಿನ್ನ ಮಗಳು ಯಾರ ಕಡೆ ಕಲತ್ಲು ಫಕೀರವ್ವಾ?" ಎಂದು ದುರ್ಗವ್ವ ಮಿರ್ಚಿ ತಿರುವುತ್ತ ಕೇಳಿದಳು. ಆಕೆಗೂ ಇಂಥ ಒಂದು ದಿನ ಬರುತ್ತದೆ.

ಹನ್ನೊಂದು ಕಂಬದವರೆಗೆ ಕದ್ದು ಹಿಂದೆ ಹೋದೆ. ಎರಡು ಸಾಲುಹಗ್ಗ ಕೂಡುವ ಮೂಲೆಯಲ್ಲಿ ಅವಳು ಸೊಂಟದ ಹಗ್ಗದ ಇನ್ನೊಂದು ತುದಿಯಿಂದ ಹೊಸ ಗಂಟು ಹಾಕಿ, ಜಗ್ಗಿ ನೋಡಿ, ಆಮೇಲೆಯೇ ಹಳೆಯದನ್ನು ಬಿಚ್ಚಿದಳು. ಅಷ್ಟು ಜೋಪಾನ ನನಗೂ ಇಲ್ಲ. ನನಗೆ ಹೆಮ್ಮೆಯಾಯಿತೆಂದು ಅವಳಿಗೆ ಹೇಳಬೇಡ. ಸಂಜೆ ಬಂದವಳು ನಾಲ್ಕು ವರ್ಷದ ತಂಗಿಯನ್ನು ಕೂರಿಸಿಕೊಂಡು, "ಕಡೀಕ ಜಗ್ಗಬೇಕು. ಅವ್ವ ಅದೊಂದು ಹೇಳಂಗಿಲ್ಲ" ಎಂದು ಕಲಿಸತೊಡಗಿದಳು. ನನ್ನ ಎದುರೇ. ಆಗಲೇ ನಾನು ಕಾಗದ ತೆಗೆದದ್ದು.

ಈಗ ಕೇಳು. ನಿನ್ನ ಅವ್ವನೂ ನಿನಗೆ ಕೊನೆಯ ಜಗ್ಗು ಹೇಳಿಕೊಡುವುದಿಲ್ಲ. ಕೈ ಸಣ್ಣವು ಎನ್ನುತ್ತಾಳೆ, ಬೇಕಾದರೆ ನೋಡು. ಅದಕ್ಕೇ ನಾನು ಹೇಳಿಬಿಟ್ಟಿದ್ದೇನೆ. ಈ ಪತ್ರ ಹಗ್ಗದ ಸುರುಳಿಯೊಳಗೆ ಇರುತ್ತದೆ; ನೀನು ಓದಲು ಕಲಿತ ದಿನ ನಾನೇ ಕೈಗೆ ಕೊಡುತ್ತೇನೆ. ಅವಳಿಗೆ ಆರು ವರ್ಷ ಹಿಡಿಯಿತು, ನಿನಗೆ ಐದು ಸಾಕು. ಮಂಚದ ಕಾಲಿಗೆ ಕಟ್ಟಿ ಕಲಿ. ಅವಳು ಬಾಗಿದಾಗ "ಬಿಡವ್ವಾ" ಅನ್ನು. ದಾರ ಬಿಚ್ಚಿ ಅವಳ ಕೈಯಲ್ಲೇ ಇಡು. ತಿರುಗಿ ನೋಡಬೇಡ. ಮುಖ ನೋಡಿದರೆ ನಿಂತುಬಿಡುತ್ತೀ, ನಾನು ಇಷ್ಟು ವರ್ಷ ಕಾದದ್ದು ಹಾಳಾಗುತ್ತದೆ.

ಹೆದರಬೇಡ, ಹನ್ನೊಂದು ಕಂಬದವರೆಗೆ ಅವಳು ನಿನ್ನ ಹಿಂದೆಯೇ ಇರುತ್ತಾಳೆ. ಆಮೇಲೆ ಖಾಲಿ ದಾರ ಹಿಡಿದುಕೊಂಡು ನನ್ನ ಅಂಗಡಿಗೆ ಬರುತ್ತಾಳೆ, ಬೇರೆಲ್ಲಿಗೆ ಹೋದಾಳು. ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ. ಇವತ್ತು ಅವಳು ಕೊಟ್ಟುಹೋದ ದಾರದ ತುದಿ ನನ್ನ ಹತ್ತಿರ ಇದೆ. ಇನ್ನೊಂದು ತುದಿಯನ್ನು ನನ್ನ ಸೊಂಟದಿಂದ ನಾನು ಇನ್ನೂ ಬಿಚ್ಚಿಲ್ಲ.

ಬೇಗ ಹುಟ್ಟು.